ತಾಗಿದವನೇ ಹೇಳಬೇಕು

ಉಡುಪಿಗೆ ಬಂದ ಮರುದಿನ ಬೆಳಿಗ್ಗೆ ಚಹಾದಂಗಡಿಯವನನ್ನು ನಾನು ಕೇಳಿದ ಮೊದಲ ಪ್ರಶ್ನೆ, ಇಲ್ಲಿ ಗರಡಿ ಎಲ್ಲಿದೆ ಎಂದು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗರಡಿಯಾ? ಉಂಟು. ಈಗ ಎಂತಕ್ಕೆ?" ಎಂದ. ಮೈ ಸಡಿಲ ಮಾಡಿಕೊಳ್ಳಬೇಕು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ದಾರಿ ತೋರಿಸಿದ. ಲಂಗೋಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗದ್ದೆಯ ಬದುಗಳ ಮೇಲೆ ನಡೆದು ಹೋದರೆ ಸಿಕ್ಕಿದ್ದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಒಂದು ಕಟ್ಟಡ. ಬಾಗಿಲಿಗೆ ಬೀಗ. ಕಿಂಡಿಯಲ್ಲಿ ಇಣುಕಿದರೆ ಒಳಗೆ ದೀಪ, ಕತ್ತಿಗಳು, ಇಬ್ಬರು ಅವಳಿ ವೀರರ ಮೂರ್ತಿಗಳು. ಕೆಮ್ಮಣ್ಣಿನ ಅಖಾಡವಿಲ್ಲ, ಗದೆಯಿಲ್ಲ, ಎಣ್ಣೆ ಬೆವರಿನ ವಾಸನೆಯಿಲ್ಲ. ಅಂಗಳ ಗುಡಿಸುತ್ತಿದ್ದ ಮುದುಕ ನನ್ನ ಲಂಗೋಟಿಯನ್ನು ನೋಡಿ, "ಸ್ನಾನಕ್ಕೆ ಕೆರೆ ಆಚೆ ಉಂಟು" ಎಂದ.

ಮೈಸೂರಿನಲ್ಲಿ ಗರಡಿ ಎಂದರೆ ಸಾಮು ಮಾಡುವ ಮನೆ. ಇಲ್ಲಿ ಅದು ಹಿಂದೊಮ್ಮೆ ವೀರರು ಸಾಮು ಮಾಡಿದ ಜಾಗ, ಈಗ ಜನ ಕೈಮುಗಿಯುವ ಜಾಗ. ಕಾದಾಡುವುದನ್ನು ಬಿಟ್ಟು ಕಾದಾಡಿದವರಿಗೆ ಹೂವಿಡುವ ಊರು ಎಂದು ನಾನು ಅಲ್ಲೇ ನಿಂತು ತೀರ್ಮಾನಿಸಿದೆ. ಆಗ ನಾನು ತೀರ್ಮಾನಗಳನ್ನು ಬಹಳ ಬೇಗ ಮಾಡುತ್ತಿದ್ದೆ.

ನಮ್ಮ ಹಳೆಯ ಗರಡಿಮನೆಯ ಹುಡುಗರು ಒಂದು ನೆನಪಿನ ಸಂಚಿಕೆ ತರುತ್ತಾರಂತೆ. ಕರಾವಳಿಗೆ ಹೋಗಿ ಆತ್ಮರಕ್ಷಣೆ ಕಲಿಸಿದ ನಮ್ಮವರು ಎಂಬ ವಿಷಯದ ಮೇಲೆ ನಾನು ಬರೆದುಕೊಡಬೇಕಂತೆ. ಅವರಿಗೆ ಬೇಕಾದದ್ದು ಗೆದ್ದ ಕಥೆ. ಕಾರ್ಕಳದ ಮೈದಾನದಲ್ಲಿ ನಾನು ಒಬ್ಬ ಕೋಲಿನ ಉಸ್ತಾದನನ್ನು ಸೋಲಿಸಿದ್ದು ಅವರ ತಂದೆಯರ ಬಾಯಿಂದ ಅವರಿಗೆ ತಿಳಿದಿದೆ. ಆ ಕಥೆಯನ್ನು ರಜೆಗೆ ಬಂದಾಗಲೆಲ್ಲ ಊರಲ್ಲಿ ಹಂಚಿದವನು ನಾನೇ. ಈಗ ಅದನ್ನು ವಾಪಸು ತೆಗೆದುಕೊಳ್ಳಬೇಕಾಗಿದೆ.

ನಾನು ಹತ್ತನೆಯವರೆಗೆ ಓದಿದವನು. ಅದಕ್ಕೂ ಮೊದಲೇ ಗರಡಿಯ ಮಣ್ಣು ಹತ್ತಿದವನು. ಆಮೇಲೆ ಸೈನ್ಯಕ್ಕೆ ಸೇರಿದೆ. ಅಲ್ಲಿ ಬರಿಗೈಯಲ್ಲಿ ಹೊಡೆದಾಡುವುದನ್ನು ಕಲಿಸುತ್ತಿದ್ದರು, ಅಂಕಿ ಎಣಿಸಿ. ಒಂದು ಎಂದರೆ ಮಣಿಕಟ್ಟು, ಎರಡು ಎಂದರೆ ಗಂಟಲು, ಮೂರು ಎಂದರೆ ಮಂಡಿ. ನಮಸ್ಕಾರವಿಲ್ಲ, ಗುರುವಿಲ್ಲ, ಮಣ್ಣಿಗೆ ಮುತ್ತಿಡುವುದಿಲ್ಲ. ವರ್ಷಗಟ್ಟಲೆ ಬಸ್ಕಿ ಹೊಡೆದು ಕಲಿತದ್ದಕ್ಕಿಂತ ಹೆಚ್ಚನ್ನು ಕೆಲವು ವಾರಗಳಲ್ಲಿ ಕಲಿತೆನೆಂದು ನನಗೆ ಅಮಲೇರಿತು. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ವಸ್ತಾದರ ಎದುರೇ, "ಇದೆಲ್ಲ ರಾಜರ ಕಾಲಕ್ಕಾಯ್ತು ಕಣಣ್ಣ" ಎಂದಿದ್ದೆ. ಅವರು ಅಖಾಡದ ಮಣ್ಣಿಗೆ ಮಜ್ಜಿಗೆ ಚಿಮುಕಿಸುತ್ತಲೇ ಇದ್ದರು.

ಸೈನ್ಯದಿಂದ ಬಿಡುಗಡೆಯಾಗಿ ಬರುವಷ್ಟರಲ್ಲಿ ರಾಜ್ಯಗಳು ಒಂದಾಗಿದ್ದವು. ದಕ್ಷಿಣ ಕನ್ನಡವೂ ಈಗ ನಮ್ಮದೇ ಎಂದು ಮೈಸೂರಿನವರು ಹೇಳುತ್ತಿದ್ದ ಕಾಲ. ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಹುಡುಗರಿಗೆ ಕವಾಯತು ಮತ್ತು ಆತ್ಮರಕ್ಷಣೆ ಕಲಿಸುವ ಕೆಲಸ ಸಿಕ್ಕಿತು. ನಮ್ಮದೇ ಆದ ಆ ಊರಿಗೆ ಹೋಗಲು ಘಟ್ಟ ಇಳಿದು, ಹೊಳೆಯ ದಡದಲ್ಲಿ ಬಸ್ಸು ಬಿಟ್ಟು ದೋಣಿ ಹತ್ತಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು ಹಿಡಿಯಬೇಕಿತ್ತು. ದೋಣಿಯಲ್ಲಿ ನನ್ನ ಸುತ್ತ ಮಾತಾಡುತ್ತಿದ್ದವರ ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ನಮ್ಮದೇ ರಾಜ್ಯ!

ಮಣಿಪಾಲ ಆಗ ಬೋಳು ಗುಡ್ಡ. ಕಲ್ಲು ಕಡಿದು ತೆಗೆದ ಹೊಂಡಗಳು, ನಡುವೆ ಹೊಸ ಕಟ್ಟಡಗಳು, ಬಿಸಿಲಿಗೆ ಒಂದು ಮರವಿಲ್ಲ. ನಾನು ಉಳಿದದ್ದು ಗುಡ್ಡದ ಕೆಳಗೆ ಉಡುಪಿಯ ದಾರಿಯಲ್ಲಿ, ಸಿಸಿಲಿಯಾ ಬಾಯಿ ಎಂಬ ಕೊಂಕಣಿ ಕ್ರೈಸ್ತ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ. ಊಟವೂ ಅವರದ್ದೇ. ಮೊದಲ ದಿನ ಬಟ್ಟಲಲ್ಲಿ ಕೆಂಪು ಕುಚ್ಚಲಕ್ಕಿಯ ಗಂಜಿ ಬಂತು. ಮೈಸೂರಿನಲ್ಲಿ ಜ್ವರ ಬಂದವರಿಗೆ ಕೊಡುವುದನ್ನು ಗಟ್ಟಿಮುಟ್ಟಾದವನಿಗೆ ಕೊಟ್ಟರು ಎಂದು ಸಿಟ್ಟು ಬಂತು.

"ನಾನು ಆರೋಗ್ಯವಾಗೇ ಇದೀನಿ, ತಾಯಿ" ಎಂದೆ.

"ಗೊತ್ತುಂಟು ಮಾಸ್ಟ್ರೇ. ಹಾಗೇ ಇರಲಿ ಅಂತಲೇ ಗಂಜಿ" ಎಂದರು.

ಮುದ್ದೆ ಬೇಕೆಂದು ರಾಗಿ ಹಿಟ್ಟು ತರಿಸಿ ಕೊಟ್ಟೆ. ಅವರು ಅದನ್ನು ಬೆಲ್ಲ ಹಾಕಿ ಪಾಯಸ ಮಾಡಿದರು. ಮಟ್ಟು ಎಂಬ ಹಳ್ಳಿಯಿಂದ ಬರುವ ಗುಳ್ಳ ಎಂಬ ದುಂಡು ಬದನೆಯನ್ನು ಇಡೀ ಊರು ಪ್ರಸಾದದಂತೆ ಕಾಯುವುದನ್ನು ಕಂಡು ನಕ್ಕೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ತಿರುಗಿದೆ. ಇವರ ಕನ್ನಡವೂ ನನಗೆ ನಗುವ ವಸ್ತುವಾಗಿತ್ತು. ತಮ್ಮ ತಮ್ಮ ಮನೆಯಲ್ಲಿ ಒಬ್ಬರು ತುಳು, ಒಬ್ಬರು ಕೊಂಕಣಿ, ಒಬ್ಬರು ಬ್ಯಾರಿ ಮಾತಾಡುವವರು. ಬೀದಿಗೆ ಬಂದರೆ ಇಸ್ತ್ರಿ ಮಾಡಿದ ಅಂಗಿಯಂತೆ ಕನ್ನಡ ಹಾಕಿಕೊಳ್ಳುತ್ತಿದ್ದರು, 'ನಾನು ಹೋಗುತ್ತೇನೆ, ನೀವು ಬರುತ್ತೀರಾ' ಎಂದು ಪಾಠಪುಸ್ತಕ ಓದಿದ ಹಾಗೆ. ನನ್ನ 'ಓಯ್ತೀನಿ, ಬತ್ತೀರಾ' ಕೇಳಿ ಅವರೂ ನಗುತ್ತಿದ್ದರೆಂಬುದು ಬಹಳ ದಿನ ನನಗೆ ಗೊತ್ತಾಗಲಿಲ್ಲ.

ಇನ್ನು ನನ್ನ ತರಗತಿ. ದೇಶದ ಮೂಲೆ ಮೂಲೆಯಿಂದ ಬಂದ ಉಳ್ಳವರ ಮಕ್ಕಳು, ತಮ್ಮ ಟ್ರಂಕನ್ನು ತಾವು ಎತ್ತದವರು. ಹಿಂದಿನಿಂದ ಕುತ್ತಿಗೆ ಹಿಡಿದರೆ ಹೇಗೆ ಬಿಡಿಸಿಕೊಳ್ಳಬೇಕು, ಚಾಕು ಹಿಡಿದ ಕೈಯನ್ನು ಹೇಗೆ ತಿರುಚಬೇಕು ಎಂದು ಕಲಿಸಿದೆ. ಪಾಠ ಮುಗಿದ ಹುಡುಗ ಎದೆಯುಬ್ಬಿಸಿ ಉಡುಪಿಯ ಪೇಟೆಯಲ್ಲಿ ನಡೆಯುತ್ತಿದ್ದ, ಅಲ್ಲಿ ಅವನ ಕುತ್ತಿಗೆ ಹಿಡಿಯಲು ಯಾರೋ ಕಾದಿದ್ದಾರೆ ಎಂಬಂತೆ. ಉಡುಪಿಯ ಪೇಟೆಯಲ್ಲಿ ಕಾದಿದ್ದದ್ದು ದೋಸೆಯ ಹೋಟೆಲುಗಳು ಮಾತ್ರ. ಈಗಲೂ ಇಂಥ ತರಗತಿಗಳು ನಡೆಯುತ್ತವೆ, ಕನ್ನಡಿ ಹಾಕಿದ ಕೋಣೆಗಳಲ್ಲಿ, ಬಣ್ಣದ ಪಟ್ಟಿ ಕಟ್ಟಿಕೊಂಡು. ಹೆದರಿಕೆಯನ್ನು ಮೊದಲು ಮಾರುವುದು, ಆಮೇಲೆ ಅದಕ್ಕೆ ಮದ್ದನ್ನು ಮಾರುವುದು. ಆ ವ್ಯಾಪಾರವನ್ನು ನಾನೂ ಮಾಡಿದವನು. ಅದರ ಒಳಗು ನನಗೆ ಚೆನ್ನಾಗಿ ಗೊತ್ತು.

ನಮ್ಮ ದಸರೆಯನ್ನು ಇಲ್ಲಿಯವರು ಮಾರ್ನೆಮಿ ಎನ್ನುತ್ತಾರೆ. ಆಗ ಹುಲಿವೇಷದವರ ಜೊತೆ ತಾಲೀಮಿನ ತಂಡಗಳೂ ಮನೆಮನೆಗೆ ಬರುತ್ತವೆ. ತಾಲೀಮು ಎಂದರೆ ಕೋಲು ವರಸೆ. ಬಂದ ಎರಡನೆಯ ವರ್ಷ ಕಾಪುವಿನ ತಂಡವೊಂದು ಹಾಸ್ಟೆಲಿನ ಅಂಗಳಕ್ಕೆ ಬಂತು. ತಾಸೆಯ ಬಡಿತಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾ ಯುವಕರು ಬೆತ್ತ ತಿರುಗಿಸಿದರು. ನೆಲಕ್ಕೆ ನಮಸ್ಕಾರ, ಕೋಲಿಗೆ ನಮಸ್ಕಾರ, ಎದುರಾಳಿಗೆ ನಮಸ್ಕಾರ. ಅದು ಮುಗಿಯುವಷ್ಟರಲ್ಲಿ ನಾನಾಗಿದ್ದರೆ ನಾಲ್ವರನ್ನು ಮಲಗಿಸಿರುತ್ತಿದ್ದೆ. ಹಾಗೆಂದು ನನ್ನ ಹುಡುಗರಿಗೆ ಗಟ್ಟಿಯಾಗಿಯೇ ಹೇಳಿದೆ.

ತಂಡದ ಮುಂದೆ ನಿಂತಿದ್ದವನಿಗೆ ಅದು ಕೇಳಿಸಿತು. ದೂಮಪ್ಪ, ಕಾಪು ಕಡಲ ದಡದ ತಂಡೇಲ, ಅಂದರೆ ಮೀನು ಹಿಡಿಯುವವರ ಮುಖ್ಯಸ್ಥ. ಕಿವಿಯಲ್ಲಿ ಒಂಟಿ, ಎಣ್ಣೆ ಹಚ್ಚಿ ತಿರುವಿದ ಮೀಸೆ, ತನ್ನ ಬಗ್ಗೆ ತಾನೇ ಮಾತಾಡಿಕೊಳ್ಳುವ ಚಾಳಿ. ಇಡೀ ಕರಾವಳಿಯಲ್ಲಿ ತನ್ನಂಥ ಕೋಲು ಇಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದ.

"ಎಂತ ಮಾಸ್ಟ್ರೇ, ನಾಲ್ಕು ಜನರಾ?" ಎಂದ. "ನಮ್ಮಲ್ಲಿ ಅಷ್ಟು ಜನ ಬಿಡುವಾಗಿ ಇಲ್ಲ. ನಾನೊಬ್ಬ ಸಾಕಾ?"

"ತಾಸೆ ಬಾರಿಸೋರನ್ನ ಬಿಟ್ಟು ಬಂದ್ರೆ ಸಾಕು" ಎಂದೆ.

"ತಾಸೆ ನಮಗಲ್ಲ ಮಾರಾಯ್ರೆ. ನಿಮ್ಮ ಕಿರುಚಾಟ ಊರವರಿಗೆ ಕೇಳಬಾರದು ಅಂತ. ಆದಿತ್ಯವಾರ ಕಾಪುವಿಗೆ ಬನ್ನಿ."

ಹೋದೆ. ದೀಪಸ್ತಂಭದ ಬಂಡೆಯ ಪಕ್ಕದ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಅವನ ಪಾಠ ನಡೆಯುತ್ತಿತ್ತು. ಕಲಿಯುವವರ ಕೈಯಲ್ಲಿ ಕೋಲೇ ಇರಲಿಲ್ಲ. ಅಲೆ ಹಿಂದೆ ಸರಿದು ಮರಳು ಹಸಿಯಾಗಿ ಹೊಳೆಯುವಾಗ ಅದರ ಮೇಲೆ ಹೆಜ್ಜೆ ಇಡಬೇಕು. ಮುಂದಿನ ಅಲೆ ಬಂದು ಒರಸುವ ಮೊದಲು ದೂಮಪ್ಪ ಬಗ್ಗಿ ಆ ಗುರುತನ್ನು ನೋಡುತ್ತಿದ್ದ. ಹಿಮ್ಮಡಿ ಆಳವಾಗಿ ಊರಿದ್ದರೆ ಬೈಗಳು. ಇದೇ ಕೆಲಸ ತಿಂಗಳುಗಟ್ಟಲೆ. ನಾನು ಹುಡುಗರಿಗೆ ಮೊದಲ ದಿನವೇ ಗಂಟಲು ಹಿಡಿಯಲು ಕಲಿಸುತ್ತಿದ್ದೆ. ಇವನು ಮರಳಿನಲ್ಲಿ ಕಾಲ್ಬೆರಳ ಗುರುತು ಹುಡುಕುತ್ತಿದ್ದ. ಜೋಯಿಸನ ಕೆಲಸ ಎಂದುಕೊಂಡೆ.

ಅಂದು ನಾವಿಬ್ಬರೂ ಕೋಲು ಹಿಡಿದೆವು. ನಾನು ನುಗ್ಗಿದೆ. ಅವನ ಮೇಲೆ ಬೀಳಬೇಕಾಗಿದ್ದ ಏಟು ಗಾಳಿಗೆ ಬಿತ್ತು. ನನ್ನ ಪಕ್ಕೆಗೆ ಏನೋ ಸೋಕಿದ ಹಾಗಾಯಿತು, ತೆಂಗಿನ ಗರಿ ತಾಗಿದಷ್ಟು ಮೆಲ್ಲಗೆ. ದೂಮಪ್ಪ ಹಿಂದೆ ಸರಿದು ಕೋಲು ಕೆಳಗಿಳಿಸಿ ಸುಮ್ಮನೆ ನಿಂತ. ನಾನು ಮತ್ತೆ ನುಗ್ಗಲು ಹೋದೆ. ಸುತ್ತ ಕುಳಿತಿದ್ದ ಬಲೆಯವರೆಲ್ಲ ಹೋ ಎಂದು ನಕ್ಕರು.

"ಹೇಳಿ ಮಾಸ್ಟ್ರೇ" ಎಂದ ದೂಮಪ್ಪ.

"ಏನು ಹೇಳಬೇಕು?"

"ತಾಗಿತು ಅಂತ."

ಆಗ ತಿಳಿಯಿತು ಅವರ ಪದ್ಧತಿ. ಈ ತಾಲೀಮಿನಲ್ಲಿ ತೀರ್ಪು ಕೊಡುವವನು ಇಲ್ಲ. ಹೊಡೆದವನು 'ಹೊಡೆದೆ' ಎನ್ನುವಂತಿಲ್ಲ, ನೋಡಿದವರು ಬಾಯಿ ಹಾಕುವಂತಿಲ್ಲ. ಕೋಲು ಯಾರ ಮೈಗೆ ತಾಗಿತೋ ಅವನೇ 'ತಾಗಿತು' ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳುವ ತನಕ ಹೊಡೆದವನು ಕೋಲು ಇಳಿಸಿ ಕಾಯಬೇಕು. ಏಟು ಚರ್ಮದ ಮೇಲೇ ನಿಲ್ಲಬೇಕು, ಒಳಗೆ ಇಳಿಯಬಾರದು. ಹಾಗೆ ನಿಲ್ಲಿಸಲು ಬರಬೇಕೆಂದೇ ಆ ಹಸಿ ಮರಳಿನ ಹೆಜ್ಜೆಗಳು.

ನಮ್ಮ ಮೈಸೂರಿನ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದ್ದನ್ನು ನಿರ್ಣಾಯಕ ಹೇಳುತ್ತಾನೆ. ಸೋತವನು ತಾಗಲೇ ಇಲ್ಲ ಎಂದು ಜಗಳಕ್ಕೆ ನಿಲ್ಲುತ್ತಾನೆ. ಸೈನ್ಯದ ವಿದ್ಯೆಯಲ್ಲಿ ಎದ್ದು ನಿಂತವನು ಗೆದ್ದ, ಏಳದವನು ಸೋತ, ಅಷ್ಟೇ. ಸೋತವನ ಬಾಯಿಂದಲೇ ಸೋಲನ್ನು ಹೇಳಿಸುವ ಈ ಪದ್ಧತಿ ಕೂಸುಗಳ ಆಟದಂತೆ ಕಂಡಿತು. ಬೀದಿಯ ಕಳ್ಳ ಬಂದು ತಾಗಿತು ಎನ್ನುತ್ತಾನೆಯೇ ಎಂದು ಕೇಳಿದೆ.

"ಕಳ್ಳನಿಗೆ ಕಲಿಸುವುದು ಪೊಲೀಸರ ಕೆಲಸ" ಎಂದ ದೂಮಪ್ಪ. "ನಾನು ಕಲಿಸುವುದು ನಮ್ಮ ಹುಡುಗರಿಗೆ. ಅವರು ನಾಳೆ ಒಂದೇ ಹಗ್ಗ ಎಳೆಯುವವರು ಅಲ್ವಾ?"

ರಂಪಣಿ ಎಂಬ ದೊಡ್ಡ ಬಲೆಯನ್ನು ಇಲ್ಲಿ ದಡದಿಂದ ಊರೇ ಸೇರಿ ಎಳೆಯುತ್ತದೆ. ಅವನು ಹೇಳಿದ್ದು ಅದನ್ನೇ. ನನಗೆ ಅದೂ ಜಂಭದ ಮಾತಾಗಿಯೇ ಕೇಳಿಸಿತು. ಅಂದು ಬಿಸಿಲೇರುವ ತನಕ ನಾನು ತಾಗಿತು, ತಾಗಿತು ಎನ್ನುತ್ತಲೇ ಇದ್ದೆ. ಪ್ರತಿ ಸಲವೂ ಬಲೆಯವರು ನಗುತ್ತಿದ್ದರು. "ಮಾಸ್ಟ್ರೇ, ನಿಮ್ಮ ಕಾಲು ಕಂಬಳದ ಕೋಣದ ಹಾಗೆ ಉಂಟು. ಓಡಲಿಕ್ಕೆ ಒಳ್ಳೆಯದು, ನಿಲ್ಲಲಿಕ್ಕೆ ಆಗುವುದಿಲ್ಲ" ಎಂದ ದೂಮಪ್ಪ.

ಆದರೂ ಮುಂದಿನ ಆದಿತ್ಯವಾರ ಮತ್ತೆ ಹೋದೆ. ಯಾಕೆ ಎಂದು ಆಗ ಕೇಳಿದ್ದರೆ ಸೇಡಿಗೆ ಎನ್ನುತ್ತಿದ್ದೆ. ನಿಜವೆಂದರೆ ಮಣಿಪಾಲದ ಗುಡ್ಡದಲ್ಲಿ ನನ್ನನ್ನು ಬೈಯುವವರೂ ಇರಲಿಲ್ಲ. ರಜೆಯ ದಿನ ಕೋಣೆಯಲ್ಲಿ ಕೂತರೆ ಸಿಸಿಲಿಯಾ ಬಾಯಿ ಪೂಜೆಗೆ ಇಗರ್ಜಿಗೆ ಹೋದ ಮೇಲೆ ಗೋಡೆಯ ಹಲ್ಲಿ ಮತ್ತು ನಾನು. ಕಾಪುವಿನಲ್ಲಿ ಕನಿಷ್ಠ ಕೋಣ ಎನ್ನುವವರಿದ್ದರು. ಎರಡು ವರ್ಷ ಹೋದೆ. ಬೈಗಳಿಂದಲೇ ತುಳು ಕಲಿತೆ. ತುಳುವಿನಲ್ಲಿ ನೀರು ಕೇಳಲು ಬರುವ ಮೊದಲೇ ಇನ್ನೊಬ್ಬನ ಹೆಜ್ಜೆಯನ್ನು ತುಳುವಿನಲ್ಲಿ ಹೀಯಾಳಿಸಲು ಬರುತ್ತಿತ್ತು.

ಒಂದು ಆದಿತ್ಯವಾರ ಕೋಲು ಕೋಲು ಹೆಣೆದುಕೊಂಡಿದ್ದಾಗ ದೂಮಪ್ಪ ಒಮ್ಮೆಲೆ ನಿಂತುಬಿಟ್ಟ. "ತಾಗಿತು" ಎಂದ. ನನಗೆ ಏನೂ ಗೊತ್ತಾಗಿರಲಿಲ್ಲ. ನೋಡುತ್ತಿದ್ದವರಿಗೂ ಕಂಡಿರಲಿಲ್ಲ. ಅವನು ತನ್ನ ಭುಜವನ್ನು ತೋರಿಸಿದ. ಅಲ್ಲಿ ಗುರುತೂ ಇರಲಿಲ್ಲ.

"ಯಾರಿಗೂ ಕಾಣಲಿಲ್ಲವಲ್ಲ?" ಎಂದೆ.

"ಭುಜ ಯಾರದ್ದು ಮಾಸ್ಟ್ರೇ? ನಿಮ್ಮದಾ, ನನ್ನದಾ?"

ಇಂಥ ಪೆದ್ದ ಎಲ್ಲಿಯೂ ಸಿಗಲಾರ ಎಂದುಕೊಂಡೆ. ಆದರೆ ಬಲೆಯವರು ನನ್ನನ್ನು ಎತ್ತಿ ನೀರಿಗೆ ಎಸೆದರು, ಸಂತೋಷಕ್ಕೆ. ದೂಮಪ್ಪ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಬಂಗುಡೆ ಮೀನಿನ ಸಾರು ಬಡಿಸಿದಳು. ಮೂಗು ಮುಚ್ಚದೆ ಉಂಡೆ. ಇನ್ನೊಂದು ಸಲ ಹಾಕಿಸಿಕೊಂಡೆ. ಅಂದು ಬಸ್ಸಿನಲ್ಲಿ ಹಿಂದಿರುಗುವಾಗ, ಪಕ್ಕದಲ್ಲಿ ಕೂತವನು ಯಾವ ಊರು ಎಂದು ಕೇಳಿದ್ದಕ್ಕೆ ಯೋಚಿಸದೆ "ಇಲ್ಲೇ, ಉಡುಪಿ" ಎಂದಿದ್ದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಅಷ್ಟು ಕೊಟ್ಟ ಜಾಗಕ್ಕೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ಚೀನಾ ಯುದ್ಧ ಮುಗಿದಿತ್ತು. ಎಲ್ಲೆಲ್ಲೂ ಹೆದರಿಕೆ, ಎಲ್ಲೆಲ್ಲೂ ಭಾಷಣ. ಕಾರ್ಕಳದ ಒಬ್ಬ ವಕೀಲರಿಗೆ ಊರವರನ್ನು ಎಚ್ಚರಿಸುವ ಹುಮ್ಮಸ್ಸು ಬಂತು. ಹಿಮಾಲಯ ದಾಟಿದ ಶತ್ರು ಆಗುಂಬೆ ಘಟ್ಟವನ್ನೂ ಇಳಿದು ಬಂದು ಕಾರ್ಕಳದ ಪೇಟೆಯಲ್ಲಿ ತಮ್ಮ ಕಾಲರ್ ಹಿಡಿಯುತ್ತಾನೆ ಎಂದು ಅವರು ನಿಜವಾಗಿ ನಂಬಿದ್ದರು. ಆತ್ಮರಕ್ಷಣೆಯ ಪ್ರದರ್ಶನ ಮಾಡಿ ಎಂದು ನನ್ನನ್ನು ಕೇಳಿದರು. ಹೊಸ ವಿಧಾನ ಎಷ್ಟು ಉಪಯುಕ್ತವೆಂದು ತೋರಿಸಲು ಎದುರಿಗೆ ಹಳೆಯದೊಂದು ಇರಲಿ ಎಂದು ದೂಮಪ್ಪನನ್ನೂ ಕರೆದರು. ಹಾಗೆ ಕರೆಯುವಂತೆ ಹೇಳಿದವನು ನಾನೇ. ಕಾಪುವಿನ ಹೊಯಿಗೆಯಲ್ಲಿ ಬಲೆಯವರ ಎದುರು ಹೇಳಿದ್ದ ಎಲ್ಲ 'ತಾಗಿತು'ಗಳನ್ನು ನನ್ನ ವಿದ್ಯಾರ್ಥಿಗಳ ಎದುರು ತೊಳೆದುಕೊಳ್ಳುವ ಆಸೆ ನನಗಿತ್ತು.

ಜಂಭಗಾರ ದೂಮಪ್ಪ ಕುಣಿದುಕೊಂಡು ಬಂದ, ಲಾರಿಯಲ್ಲಿ ತಂಡವನ್ನೂ ತಾಸೆಯನ್ನೂ ತುಂಬಿಕೊಂಡು. ಮೈದಾನ ತುಂಬಿತ್ತು. ದೂರದ ಬಂಡೆಯ ಮೇಲೆ ಗೊಮ್ಮಟ ಎಂದಿನಂತೆ ಯಾರನ್ನೂ ನೋಡದೆ ನಿಂತಿದ್ದ. ವಕೀಲರು ತಾವೇ ತೀರ್ಪುಗಾರರು ಎಂದು ಸೀಟಿ ಹಿಡಿದು ಬಂದರು.

"ನನ್ನ ಮೈಗೆ ತಾಗಿದ್ದು ವಕೀಲರಿಗೆ ಹೇಗೆ ಗೊತ್ತಾಗುವುದು?" ಎಂದ ದೂಮಪ್ಪ. ಜನ ನಕ್ಕರು. "ನಮ್ಮ ಪದ್ಧತಿ ಮಾಸ್ಟ್ರಿಗೆ ಗೊತ್ತುಂಟು. ತಾಗಿದವನೇ ಹೇಳಬೇಕು. ಮೊದಲು ಹೇಳಿದವನು ಸೋತ."

ಆಮೇಲೆ ಯಾರೂ ಕೇಳದಿದ್ದರೂ ಜನರತ್ತ ತಿರುಗಿ ಕೂಗಿದ: "ನಾನು ಸೋತರೆ ಇವತ್ತಿನಿಂದ ಕಾಪುವಿನ ಕೋಲು ಅಟ್ಟಕ್ಕೆ. ನಮ್ಮ ಹುಡುಗರಿಗೆ ಇನ್ನು ಮಾಸ್ಟ್ರೇ ಕಲಿಸಲಿ. ಮಾಸ್ಟ್ರು ಸೋತರೆ ಮಣಿಪಾಲದ ಹುಡುಗರು ನನ್ನ ಹೊಯಿಗೆಯಲ್ಲಿ ಹೆಜ್ಜೆ ಹಾಕಬೇಕು. ಆಗಬಹುದಾ?"

"ಆಗಬಹುದು" ಎಂದೆ. ಎಲ್ಲರಿಗೂ ಕೇಳುವಂತೆಯೇ ಎಂದೆ.

ಆಟ ಹೆಚ್ಚು ಹೊತ್ತು ನಡೆಯಲಿಲ್ಲ. ನಾನು ಬಲಕ್ಕೆ ತೋರಿಸಿ ಎಡಕ್ಕೆ ನುಗ್ಗಿದೆ. ಅವನು ಅಲ್ಲಿರಲಿಲ್ಲ. ನನ್ನ ಎಡಗಿವಿಯ ಕೆಳಗೆ, ದವಡೆ ಮುಗಿದು ಕುತ್ತಿಗೆ ಶುರುವಾಗುವಲ್ಲಿ, ಬೆತ್ತದ ತುದಿ ಬಂದು ನಿಂತಿತು. ಒತ್ತಲಿಲ್ಲ. ಅಲ್ಲಿಂದ ಒಳಗೆ ಇಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜನರಿಗೆ ಅದು ಕಾಣುವಂತಿರಲಿಲ್ಲ. ಅವನ ಬೆನ್ನು ಅವರ ಕಡೆಗಿತ್ತು. ದೂಮಪ್ಪ ಹಿಂದೆ ಸರಿದ, ಕೋಲು ಇಳಿಸಿದ, ಕಾದ.

ನಾನು ಬಾಯಿ ತೆರೆಯಬೇಕಿತ್ತು. ಮೂರಕ್ಷರ. ನನ್ನ ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಸೈನ್ಯದಲ್ಲಿ ಎದುರಾಳಿ ಆಯುಧ ಇಳಿಸಿದ ಗಳಿಗೆಗೆ ಒಂದು ಅಂಕಿ ಇತ್ತು. ಬಾಯಿಗಿಂತ ಮೊದಲು ಕೈ ಎದ್ದಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವನ ಮುಖವನ್ನು ನೋಡಿ, ಅವನು ಕಾಯುತ್ತಿದ್ದಾನೆಂದು ತಿಳಿದೇ, ಅವನ ಬಲ ಮಣಿಕಟ್ಟಿನ ಮೇಲೆ ಇಡೀ ಭುಜದ ಬಲದಿಂದ ಹೊಡೆದೆ. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಬೆತ್ತ ಬಿತ್ತು.

ದೂಮಪ್ಪ ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡ. ಮೀಸೆಯ ಕೆಳಗೆ ತುಟಿ ಬಿಳಿಚಿತ್ತು. ಆಮೇಲೆ ಮೈದಾನಕ್ಕೆಲ್ಲ ಕೇಳುವಂತೆ ಹೇಳಿದ:

"ತಾಗಿತು."

ಚಪ್ಪಾಳೆ ಬಿತ್ತು. ವಕೀಲರು ಬೇಡದ ಸೀಟಿಯನ್ನು ಊದಿದರು. ನನ್ನ ಹುಡುಗರು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಲಿನಿಂದ ನೋಡಿದೆ. ದೂಮಪ್ಪ ಅಲ್ಲೇ ನಿಂತಿದ್ದ. ನೋವಿನ ಕೈಯನ್ನು ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದ. ಅವನ ತಂಡದವರಿಗಾದರೂ ಕಂಡಿತ್ತೋ ಏನೋ, ಗೊತ್ತಿಲ್ಲ. ಕಂಡಿದ್ದರೂ ಅವರ ಪದ್ಧತಿಯಲ್ಲಿ ಅವರು ಬಾಯಿ ಹಾಕುವಂತಿಲ್ಲ. ದೂಮಪ್ಪನೂ 'ಮೊದಲು ನನ್ನ ಕೋಲು ತಾಗಿತ್ತು' ಎನ್ನುವಂತಿಲ್ಲ. ಹೇಳಬಹುದಾದವನು ಆ ಮೈದಾನದಲ್ಲಿ ಒಬ್ಬನೇ, ಹೆಗಲ ಮೇಲೆ ಕೂತಿದ್ದವನು.

ಅವನು ಆಡಿದ ಮಾತು ಉಳಿಸಿಕೊಂಡ. ಕಾಪುವಿನ ಕೋಲುಗಳು ಅಟ್ಟ ಸೇರಿದವು. ಅವನ ಹುಡುಗರಲ್ಲಿ ಕೆಲವರು ನನ್ನ ತರಗತಿಗೆ ಬಂದರು, ಗುರು ಹೇಳಿದ್ದಾನೆ ಎಂಬ ಒಂದೇ ಕಾರಣಕ್ಕೆ. ಅವರು ಬಹಳ ಬೇಗ ಕಲಿತರು. ನಾನು ಹೇಳಿಕೊಟ್ಟಲ್ಲಿಗೆ ಏಟು ಬೀಳುತ್ತಿತ್ತು. ಆದರೆ ಜೊತೆಯವನ ಮೈಗೆ ತಾಗಿದೊಡನೆ ನಿಂತು ಅವನ ಮುಖ ನೋಡುತ್ತಿದ್ದರು. "ನಿಲ್ಲಬೇಡಿ! ಮುಂದುವರಿಸಿ!" ಎಂದು ಕಿರುಚಿ ಕಿರುಚಿ ಆ ಅಭ್ಯಾಸವನ್ನು ಬಿಡಿಸಿದೆ. ಅದಕ್ಕೆ ನನಗೆ ಒಂದು ಮಳೆಗಾಲ ಬೇಕಾಯಿತು. ಆಮೇಲೆ ಮೀನು ಹಂಚಿಕೆಯ ಜಗಳದಲ್ಲಿ ಆ ಹುಡುಗರಲ್ಲೊಬ್ಬ ತನ್ನ ಸ್ವಂತ ಭಾವನ ಕಣ್ಣಿಗೆ ಹೊಡೆದ. ನಾನು ಕಲಿಸಿದ ರೀತಿಯಲ್ಲೇ ಹೊಡೆದ. ನನ್ನ ವಿದ್ಯೆ ಕರಾವಳಿಯಲ್ಲಿ ಬೇರೂರಿತೆಂದು ಮೈಸೂರಿನಲ್ಲಿ ಹೇಳಿಕೊಂಡೆನಲ್ಲ, ಅದು ಬೇರೂರಿದ್ದು ಹೀಗೆ.

ಸಿಸಿಲಿಯಾ ಬಾಯಿಗೆ ಒಮ್ಮೆ ಎಲ್ಲವನ್ನೂ ಹೇಳಿದೆ. ಗಂಜಿ ಬಡಿಸುತ್ತಿದ್ದ ಸೌಟು ನಿಂತಿತು.

"ನನ್ನ ಹತ್ತಿರ ಎಂತಕ್ಕೆ ಹೇಳುತ್ತೀರಿ? ನಾನು ಪಾದ್ರಿಯಾ?" ಎಂದರು. "ನಮ್ಮಲ್ಲಾದರೆ ಪಾದ್ರಿಯ ಕಿವಿಗೆ ಮೆಲ್ಲ ಹೇಳಿದರೆ ಮುಗಿಯಿತು. ಆ ಜನರಲ್ಲಿ ಹೇಗೆ ಅಂತ ಅವನನ್ನೇ ಕೇಳಿ."

ಕೇಳಲು ಧೈರ್ಯ ಬರುವಷ್ಟರಲ್ಲಿ ಅರವತ್ತರ ದಶಕ ಮುಗಿಯುತ್ತಿತ್ತು. ಕಾಪುವಿನ ದಡಕ್ಕೆ ಹೋದೆ. ದೂಮಪ್ಪ ಮಡಚಿಟ್ಟ ಬಲೆಯ ಮೇಲೆ ಕೂತು ಎಳೆಯುವವರಿಗೆ ಬೈಯುತ್ತಿದ್ದ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಹಗ್ಗದ ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದ. ಮೀಸೆಗೆ ಮಾತ್ರ ಎಣ್ಣೆ ತಪ್ಪಿರಲಿಲ್ಲ.

"ದೂಮಪ್ಪಣ್ಣ, ಅವತ್ತು ಕಾರ್ಕಳದಲ್ಲಿ..." ಎಂದು ಶುರು ಮಾಡಿದೆ.

ಅವನು ಕೈ ಅಡ್ಡ ಹಿಡಿದ. "ಕಾರ್ಕಳದಲ್ಲಿ ಎಷ್ಟು ಜನ ಇದ್ದರು ಮಾಸ್ಟ್ರೇ?"

"ತುಂಬಾ ಜನ."

"ಅವರನ್ನೆಲ್ಲ ಕರಕೊಂಡು ಬನ್ನಿ. ಆಗ ಹೇಳಿ. ನನಗೊಬ್ಬನಿಗೆ ಹೇಳಿದರೆ ಎಂತ ಆಗುತ್ತದೆ? ನನಗೆ ಗೊತ್ತಿಲ್ಲದ್ದಾ?"

ಮತ್ತೆ ಹಗ್ಗದವರ ಕಡೆ ತಿರುಗಿ ಬೈಯತೊಡಗಿದ. ಕ್ಷಮೆಯೂ ಇಲ್ಲ, ಊಟಕ್ಕೆ ಬನ್ನಿ ಎಂಬ ಮಾತೂ ಇಲ್ಲ. ಬಸ್ಸಿಗೆ ನಡೆಯುತ್ತಾ, ದೊಡ್ಡ ಮನಸ್ಸಿಲ್ಲದ ಮನುಷ್ಯ ಎಂದು ಅವನನ್ನೇ ಶಪಿಸಿದೆ. ನನ್ನ ಮನಸ್ಸು ಎಷ್ಟು ದೊಡ್ಡದೆಂದು ಮೈದಾನವೇ ನೋಡಿತ್ತು.

ದೂಮಪ್ಪ ತೀರಿಕೊಂಡು ಬಹಳ ಕಾಲವಾಯಿತು. ನಾನು ಇಲ್ಲೇ ಉಳಿದೆ. ಮೈಸೂರಿಗೆ ಹೋದರೆ ನನ್ನ ಬಾಯಲ್ಲಿ 'ಎಂತ', 'ಉಂಟು' ಬರುತ್ತದೆ. ತಮ್ಮನ ಮಕ್ಕಳು ಮಂಗಳೂರು ದೊಡ್ಡಪ್ಪ ಎಂದು ನಗುತ್ತಾರೆ. ಅಲ್ಲಿಯ ಮುದ್ದೆ ಈಗ ಗಂಟಲಲ್ಲಿ ಇಳಿಯುವುದಿಲ್ಲ, ಎರಡನೆಯ ದಿನಕ್ಕೆ ಗಂಜಿ ನೆನಪಾಗುತ್ತದೆ. ಇಲ್ಲಿ ಇಷ್ಟು ವರ್ಷವಾದ ಮೇಲೂ ನಾನು ಘಟ್ಟದ ಮಾಸ್ಟ್ರು. ಕಾಪುವಿನ ಕಡೆ ಬಸ್ಸು ಹೋಗುವಾಗ ಕಿಟಕಿಯ ಪಕ್ಕ ಕೂರುವುದಿಲ್ಲ. ಮೈಸೂರಿನಲ್ಲಿ ನನಗೆ ಗೌರವವಿದೆ, ನಾನು ಗೆದ್ದೆನೆಂದು. ಆ ಗೌರವದ ಎದುರು ಕೂತರೆ ಎದ್ದು ಓಡಿಬರಬೇಕೆನಿಸುತ್ತದೆ, ಓಡಿಬರುವುದು ಈ ಊರಿಗೇ. ಈ ಊರಿಗೆ ಒಳಗೆ ಬರಲು ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಹೇಳದೆ ಹೊಸ್ತಿಲ ಮೇಲೆ ಮುದುಕನಾದೆ.

ಈ ಸಂಚಿಕೆ ಓದುವವರಲ್ಲಿ ಅಂದು ಕಾರ್ಕಳದಲ್ಲಿದ್ದವರು ಯಾರೂ ಇರಲಾರರು. ಅದಕ್ಕೇ ಇಲ್ಲಿ ಹೇಳುವುದು ಸುಲಭ. ಅಷ್ಟು ಸುಲಭವಾದದ್ದು ದೂಮಪ್ಪನಿಗೆ ಸಾಲುವುದಿಲ್ಲ. ಆದ್ದರಿಂದ ಮೊನ್ನೆ ಕಾಪುವಿಗೆ ಹೋಗಿ ಅವನ ಮಗನನ್ನು ಕಂಡೆ. ಬರುವ ಮಾರ್ನೆಮಿಗೆ ದಡದಲ್ಲಿ ಜನ ಸೇರುವಾಗ ಐದು ನಿಮಿಷ ಬೇಕು ಎಂದೆ. ಅವನು ಎಂತಕ್ಕೆ ಎಂದು ಕೇಳಲಿಲ್ಲ. ಅಟ್ಟ ಹತ್ತಿ ಒಂದು ಬೆತ್ತ ಇಳಿಸಿ, ಧೂಳು ಒರಸಿ, ನನ್ನ ಕೈಗೆ ಕೊಡದೆ ಗೋಡೆಗೆ ಒರಗಿಸಿಟ್ಟ.

"ಗಟ್ಟಿಯಾಗಿ ಹೇಳಬೇಕು ಮಾಸ್ಟ್ರೇ" ಎಂದ. "ಕಡಲಿನ ಸದ್ದು ಜಾಸ್ತಿ ಉಂಟು."

ನನ್ನ ಸ್ವರ ಈಗ ನಡುಗುತ್ತದೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯ ಎದುರು ಅಭ್ಯಾಸ ಮಾಡುತ್ತಿದ್ದೇನೆ. ಕ್ಷೌರದ ಕತ್ತಿ ಎಡಗಿವಿಯ ಕೆಳಗೆ ಬಂದಾಗ ಕೈ ನಿಲ್ಲಿಸಿ ಹೇಳುತ್ತೇನೆ. ಮೈಸೂರಿನ ನನ್ನ ಹುಡುಗರೇ, ನಿಮ್ಮ ಎದುರಿಗೂ ಹೇಳುತ್ತಿದ್ದೇನೆ, ಚಪ್ಪಾಳೆ ಹಾಕಬೇಡಿ.

ತಾಗಿತು. ನನಗೇ ಮೊದಲು ತಾಗಿತು.